ಸದ್ದಿಲ್ಲದ ಜಗಳ

ಮೊನ್ನೆ ಇಲ್ಲಿ ಕಲ್ಯಾಣದುರ್ಗದಲ್ಲಿ ರವಿಕೆ ಹೊಲಿಯಲು ಕೊಡೋಣ ಅಂತ ಟೈಲರ್ ಅಂಗಡಿಗೆ ಹೋಗಿದ್ದೆ. ಆತ ಮಾತಾಡುತ್ತಲೇ ಮಿಷನ್ನಿಗೆ ಎಣ್ಣೆ ಬಿಟ್ಟ. ಅಷ್ಟೇ ನೋಡಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಹಿಂದೂಪುರದ ನಮ್ಮ ಸ್ಕೂಲು, ನಾಲ್ಕನೇ ಕ್ಲಾಸು, ಅಂಚು ಕಿತ್ತುಹೋದ ಚಾಪೆ, ಆ ಚಾಪೆ ಮೇಲೆ ನಮ್ಮ ಜೊತೆಯೇ ಚಕ್ಕಳಮಕ್ಕಳ ಹಾಕಿ ಕೂತ ಲೆಕ್ಕದಕ್ಕ... ಅವರ ಸೆರಗಿನಿಂದ ಬರುತ್ತಿದ್ದದ್ದು ಇದೇ ವಾಸನೆ. "ಏಮ್ಮಾ, ಕೊಲತಲು?" ಅಂತ ಟೈಲರ್ ಎರಡು ಸಲ ಅಳತೆ ಕೇಳಿದ ಮೇಲೆ ಎಚ್ಚರವಾಯಿತು.

ಟೀಚರ ಸೆರಗಿಗೂ ಮಿಷನ್ ಎಣ್ಣೆಗೂ ಏನು ಸಂಬಂಧ ಅಂತೀರಾ? ಇತ್ತು. ಅವರು ನಮ್ಮ ಬೀದಿಯ ಸೊಸೆ. ಗಂಡನ ಮನೆಯವರು ನೇಕಾರರು, ಕೈಮಗ್ಗ ತೆಗೆದು ಪವರ್‌ಲೂಮ್ ಹಾಕಿಸಿಕೊಂಡಿದ್ದರು. ಮನೆಯ ಮುಂಭಾಗವೆಲ್ಲ ಶೆಡ್ಡು, ಹಿಂದುಗಡೆ ಅಡುಗೆಮನೆ, ಒಂದು ಕೋಣೆ. ಬೆಳಗ್ಗೆ ಮಗ್ಗ ಹಾಕಿದರೆ ಟಕಟಕ ಟಕಟಕ ಅಂತ ಶುರು, ರಾತ್ರಿ ಊಟದ ಹೊತ್ತಿಗೆ ನಿಲ್ಲುತ್ತಿದ್ದದ್ದು. ಬೀದಿಯ ಆ ತುದಿಯಲ್ಲಿದ್ದ ನಮ್ಮ ಮನೆಗೇ ಕೇಳಿಸುತ್ತಿತ್ತು ಅಂದರೆ ಒಳಗಿದ್ದವರ ಗತಿ ನೀವೇ ಯೋಚನೆ ಮಾಡಿ. ಲೆಕ್ಕದಕ್ಕ ಟೀಚರ್ ಟ್ರೈನಿಂಗ್ ಮುಗಿಸಿದವರು. ಮದುವೆಯಾಗಿ ಬಂದವರನ್ನು ಆ ಶೆಡ್ಡಿನ ಮೂಲೆಯಲ್ಲಿ ಕೂರಿಸಿ ಕಂಡಿಕೆ ಸುತ್ತಲು ಹಚ್ಚಿದರು. ಕಂಡಿಕೆ ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸುರುಳಿ. ಒಂದು ಮುಗಿಯುವುದರೊಳಗೆ ಇನ್ನೊಂದು ಸಿದ್ಧ ಇರಬೇಕು, ಹಾಗಾಗಿ ಸುತ್ತುವವರಿಗೆ ಎದ್ದೇಳುವ ಮಾತೇ ಇಲ್ಲ.

ನಮ್ಮ ಸ್ಕೂಲಿನಲ್ಲಿ ತೆಲುಗು ಮಕ್ಕಳ ನಡುವೆ ಒಂದೇ ಒಂದು ಕನ್ನಡ ಸೆಕ್ಷನ್ನು ಹೇಗೋ ಉಳಿದುಕೊಂಡಿತ್ತು. ಅದಕ್ಕೆ ಟೀಚರ್ ಸಿಗದೆ, ವರ್ಷ ವರ್ಷ ಹೊಸದಾಗಿ ಕರೆಯುವ ತಾತ್ಕಾಲಿಕ ಕೆಲಸಕ್ಕೆ ಇವರನ್ನು ತೆಗೆದುಕೊಂಡರು. ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಆ ಷರತ್ತು ಬೀದಿಗೆಲ್ಲ ಗೊತ್ತಿತ್ತು, ಯಾಕಂದರೆ ಶೆಡ್ಡಿನಲ್ಲಿ ಕೂಗಿ ಕೂಗಿ ಆಯಮ್ಮನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ಸ್ಕೂಲ್ನೋರು ಕರಿಯೋಗಂಟ ಓಗು ಕಣಮ್ಮ. ಅವ್ರು ಬ್ಯಾಡ ಅಂದ ದಿನ ಬಂದು ಕಂಡಿಕೆ ಮುಂದೆ ಕುಂತ್ಕ. ಆಮ್ಯಾಕೆ ಸ್ಕೂಲು ಅಂತ ಬಾಯಿ ಬಿಡಂಗಿಲ್ಲ."

ಆ ಶೆಡ್ಡಿನಿಂದ ಹೊರಗೆ ಬರೋಕೆ ಲೆಕ್ಕದಕ್ಕನಿಗೆ ಇದ್ದ ಬಾಗಿಲು ಅದೊಂದೇ. ಬೆಳಗಿನ ಜಾವ ಎದ್ದು ಒಂದು ಬುಟ್ಟಿ ಕಂಡಿಕೆ ಸುತ್ತಿಟ್ಟು, ಮಗ್ಗದ ಎಣ್ಣೆ ಹತ್ತಿದ ಅದೇ ಸೀರೆಯಲ್ಲಿ ಓಡಿ ಬರುತ್ತಿದ್ದರು. ಬರುವಾಗ ಓಟ. ಸಂಜೆ ವಾಪಸ್ ಹೋಗುವಾಗ ನಾವೆಲ್ಲ ಅವರ ಹಿಂದೆ ಮುಂದೆ ನಡೆಯುತ್ತಿದ್ದೆವಲ್ಲ, ಮಗ್ಗದ ಸದ್ದು ಕೇಳಿಸತೊಡಗಿದ ತಿರುವಿನಲ್ಲಿ ಅವರ ಕಾಲು ತಾನಾಗಿ ನಿಧಾನ ಆಗುತ್ತಿತ್ತು. ಚಪ್ಪಲಿ ಸರಿಮಾಡಿಕೊಳ್ಳೋಕೆ ನಿಲ್ಲುತ್ತಿದ್ದರು. ಚಪ್ಪಲಿಗೆ ಏನೂ ಆಗಿರುತ್ತಿರಲಿಲ್ಲ.

ಆ ಬಾಗಿಲಿಗೂ ಒಬ್ಬರು ಕಾವಲಿದ್ದರು. ಹೆಡ್ಮಾಸ್ಟರು. ನಾವು ದೊಡ್ಡ ಸಾರ್ ಅನ್ನುತ್ತಿದ್ದೆವು. ನಮ್ಮ ಕ್ಲಾಸಿಗೂ ಅವರ ರೂಮಿಗೂ ನಡುವೆ ಗೋಡೆ ಇರಲಿಲ್ಲ, ಎರಡು ಕಬ್ಬಿಣದ ಬೀರು ಅಡ್ಡ ನಿಲ್ಲಿಸಿದ್ದರು. ನಾವು ಈ ಕಡೆ ಪಿಟಕ್ ಅಂದರೆ ಅವರು ಆ ಕಡೆಯಿಂದ ಬೀರುವಿಗೆ ಬೆತ್ತದಲ್ಲಿ ಬಾರಿಸುತ್ತಿದ್ದರು. ಢಣಾರ್! "ಸೈಲೆನ್ಸ್!" ಒಳ್ಳೆ ಕ್ಲಾಸು ಅಂದರೆ ಅವರಿಗೆ ಎರಡೇ ಥರ. ಎಲ್ಲರೂ ಒಟ್ಟಿಗೆ ಮಗ್ಗಿ ಹೇಳಬೇಕು, ಇಲ್ಲ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿಕೊಂಡಿರಬೇಕು. ಮುಂದಿನ ವರ್ಷ ಲೆಕ್ಕದಕ್ಕನನ್ನು ಕರೆಯಬೇಕೋ ಬೇಡವೋ ಅಂತ ಮೇಲಕ್ಕೆ ಬರೆದು ಕಳಿಸುವವರೂ ಅವರೇ.

ಅಂಥಾ ಕಡೆ ಬಂದು ಈ ಯಮ್ಮ ಮಾಡಿದ್ದೇನು ಗೊತ್ತಾ? ಮೊದಲನೇ ದಿನವೇ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, ಸೀಮೆಸುಣ್ಣ ಕೆಳಗಿಟ್ಟು, ನಮ್ಮ ನಡುವೆ ಚಾಪೆ ಮೇಲೆ ಬಂದು ಕೂತರು. "ಉತ್ತರ ಯಾರೂ ಹೇಳ್ಬೇಡಿ. ಅದು ನಂಗೂ ಗೊತ್ತು. ನೀವು ಯಾವ ದಾರೀಲಿ ಹೋದ್ರಿ ಅದ್ನ ಹೇಳಿ. ಒಬ್ರು ದಾರಿ ಇನ್ನೊಬ್ರಿಗೆ ಸರಿ ಕಾಣ್ದಿದ್ರೆ ಜಗಳ ಆಡಿ."

ಜಗಳ ಆಡಿ ಅಂತ ಟೀಚರೇ ಹೇಳಿದರೆ ಮಕ್ಕಳು ಬಿಡ್ತಾವಾ? ಒಂದು ಗಳಿಗೆಯಲ್ಲಿ ಸಂತೆ ಆಯಿತು. ಢಣಾರ್, ಢಣಾರ್! ದೊಡ್ಡ ಸಾರ್ ಬೀರುವಿನ ಸಂದಿಯಿಂದ ತಲೆ ಹಾಕಿ ಇದೇನು ಸ್ಕೂಲೋ ಬಸ್‌ಸ್ಟ್ಯಾಂಡೋ ಅಂತ ತೆಲುಗಿನಲ್ಲಿ ಕೇಳಿದರು. ಆ ವಾರವೆಲ್ಲ ಅದೇ ಆಯಿತು. ಕೊನೆಗೆ "ಇಂಕೋಸಾರಿ ಸೌಂಡ್ ವಸ್ತೆ ಇಂಟಿಕೇ" ಅಂದರು. ಇನ್ನೊಂದು ಸಲ ಸದ್ದು ಬಂದರೆ ಮನೆಗೇ. ಮನೆಗೆ ಅಂದರೆ ಎಲ್ಲಿಗೆ ಅಂತ ನಮ್ಮ ಬೀದಿಯ ಮಕ್ಕಳಿಗೂ ಗೊತ್ತಿತ್ತು. ಲೆಕ್ಕದಕ್ಕನ ಮುಖ ಬಿಳಿಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಸೋಮವಾರ ಬಂದವರೇ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ಕೈ ಎತ್ತಿ, ಎರಡು ಬೆರಳನ್ನು ಕತ್ತರಿ ಥರ ಆಡಿಸಿದರು. ನಮ್ಮಲ್ಲಿ ಅರ್ಧಕ್ಕರ್ಧ ಮಗ್ಗದ ಮನೆಯ ಮಕ್ಕಳು. ತಟ್ಟನೆ ಗೊತ್ತಾಗಿಹೋಯಿತು. ಪವರ್‌ಲೂಮ್ ಓಡುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸಲ್ಲ, ಆದ್ದರಿಂದ ಶೆಡ್ಡಿನಲ್ಲಿ ಮಾತೆಲ್ಲ ಕೈಯಲ್ಲೇ. ಕತ್ತರಿ ಆಡಿಸಿದರೆ ಎಳೆ ಕಡಿದಿದೆ ಅಂತ. ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದರೆ ಗಂಟು ಕೂತಿತು ಅಂತ. ಅಂಗೈಯನ್ನು ಲಾಳಿ ಓಡಿದ ಹಾಗೆ ಆ ಕಡೆ ಈ ಕಡೆ ಓಡಿಸಿದರೆ ಬೇರೆ ಕಂಡಿಕೆ ಹಾಕು ಅಂತ. ಲೆಕ್ಕದಕ್ಕ ಅದನ್ನೇ ತಂದು ಲೆಕ್ಕಕ್ಕೆ ಹಚ್ಚಿದರು. ಕತ್ತರಿ ಅಂದರೆ ನೀನು ಹೇಳಿದ್ದರಲ್ಲಿ ಎಲ್ಲೋ ಎಳೆ ಕಡಿದಿದೆ. ಗಂಟು ಅಂದರೆ ನನಗೂ ಹಾಗೇ ಬಂತು. ಲಾಳಿ ಅಂದರೆ ನನ್ನ ಹತ್ತಿರ ಬೇರೆ ದಾರಿ ಇದೆ. ಇನ್ನೊಂದನ್ನು ಮಾತ್ರ ಅವರೇ ಹುಟ್ಟಿಸಿದರು. ಅಂಗೈ ಮೇಲೆ ಮಾಡಿ ಅಲ್ಲಾಡಿಸಿದರೆ ಒಂದೇ ಪ್ರಶ್ನೆ: ಯಾಕೆ? ಶೆಡ್ಡಿನಲ್ಲಿ ಅದಕ್ಕೆ ಸನ್ನೆಯೇ ಇರಲಿಲ್ಲವಂತೆ, ಅಲ್ಲಿ ಯಾರೂ ಯಾರನ್ನೂ ಅದನ್ನು ಕೇಳುವುದಿಲ್ಲ.

ಆಮೇಲಿಂದ ಒಬ್ಬೊಬ್ಬರೇ ಬೋರ್ಡಿಗೆ ಹೋಗಿ ತಮ್ಮ ದಾರಿಯನ್ನು ಪಿಸುಮಾತಿನಲ್ಲಿ ಹೇಳುವುದು, ಉಳಿದವರೆಲ್ಲ ಕೈಯಲ್ಲೇ ಹರಿಹಾಯುವುದು. ಅಯ್ಯೋ, ಏನು ಜಗಳ ಅಂತೀರಿ! ಒಬ್ಬ ಲಾಳಿ ಓಡಿಸುತ್ತಾ ಎದ್ದೇ ನಿಂತುಬಿಡುತ್ತಿದ್ದ. ಒಬ್ಬಳು ಕತ್ತರಿ ಆಡಿಸಿ ಆಡಿಸಿ ಕೈ ನೋವು ಅಂತ ಎಡಗೈಗೆ ಬದಲಾಯಿಸುತ್ತಿದ್ದಳು. ದೊಡ್ಡ ಸಾರ್‌ಗೆ ಆ ಕಡೆ ಕೇಳಿಸುತ್ತಿದ್ದದ್ದು ಬರೀ ಫ್ಯಾನಿನ ಸದ್ದು. ಈಗ ದಾರಿಗೆ ಬಂದಳು ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಖುಷಿಪಟ್ಟರಂತೆ.

ನನ್ನ ಮಾನ ಹೋದ ದಿನದ ಕಥೆ ಹೇಳಲೇಬೇಕು. ಮೂವತ್ತೆಂಟಕ್ಕೆ ಇಪ್ಪತ್ತೈದು ಕೂಡಿಸಿ ಅಂತಿತ್ತು. ನಾನು ಜಂಬದಿಂದ ಹೋಗಿ ಎಂಟೂ ಐದೂ ಹದಿಮೂರು, ಮೂರೂ ಎರಡೂ ಐದು ಅಂತ ಪಕ್ಕಪಕ್ಕ ಬರೆದು, ಐನೂರ ಹದಿಮೂರು ಮಾಡಿ ನಿಂತೆ. ತಿರುಗಿ ನೋಡಿದರೆ ಇಡೀ ಕ್ಲಾಸು ಕತ್ತರಿ ಆಡಿಸುತ್ತಿದೆ! ಅಳು ಬಂದುಬಿಟ್ಟಿತು. ಲೆಕ್ಕದಕ್ಕ ಕತ್ತರಿ ಆಡಿಸಲಿಲ್ಲ. ಕತ್ತರಿ ಆಡಿಸಿದವರ ಕಡೆ ತಿರುಗಿ ಅಂಗೈ ಅಲ್ಲಾಡಿಸಿದರು. ಯಾಕೆ?

ಪರಿಗಿಯಿಂದ ಬಂದು ಅಜ್ಜಿ ಮನೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ಪಿಸುಗುಟ್ಟಿದಳು. "ಎಲ್ಡೂ ಸೇರ್ಸಿದ್ರೂ ವಂದ ಆಗಕಿಲ್ಲ, ಐನೂರು ಎಲ್ಲಿಂದ ಬತ್ತದೆ?" ತೆಲುಗಿನಲ್ಲಿ ವಂದ ಅಂದರೆ ನೂರು. ನಮ್ಮ ಮನೆಯ ಕನ್ನಡದಲ್ಲಿ ಒಂದಕ್ಕೆ ವಂದು ಅಂತೀವಿ. ನನಗೆ ಕೇಳಿಸಿದ್ದು ವಂದೂ ಆಗಕಿಲ್ಲ ಅಂತ. ಇಷ್ಟಿಷ್ಟು ದೊಡ್ಡ ಸಂಖ್ಯೆ ಎರಡು ಸೇರಿಸಿದರೆ ಒಂದೂ ಆಗಲ್ಲ ಅಂದರೆ ಇವಳಿಗೆ ತಲೆ ಕೆಟ್ಟಿದೆಯಾ? ಅಳುತ್ತಲೇ ನಾನೂ ಅವಳಿಗೆ ಕತ್ತರಿ ಆಡಿಸಿದೆ. ಅವಳು ನನಗೆ ಆಡಿಸಿದಳು.

ಲೆಕ್ಕದಕ್ಕನಿಗೆ ಹಬ್ಬ. ಬೋರ್ಡಿನ ಈ ಕಡೆ ವಂದು, ಆ ಕಡೆ ವಂದ ಅಂತ ಬರೆದು, ಒಂದರ ಕೆಳಗೆ 1, ಇನ್ನೊಂದರ ಕೆಳಗೆ 100 ಹಾಕಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ನಮ್ಮೂರಾಗೆ ಒಂದೇ ಬಾಯಾಗೆ ಒಂದೂ ಐತೆ, ನೂರೂ ಐತೆ ಕಣಮ್ಮ. ಎದ್ರುಗಿರೋರು ಯಾವುದು ಅಂದ್ರು ಅಂತ ಕೇಳಿ ತಿಳ್ಕಂಬೇಕು, ಆಮೇಲೆ ಜಗಳ." ಆ ಪಿರಿಯಡ್ಡೆಲ್ಲ ಅದಕ್ಕೇ ಹೋಯಿತು. ಎರಡೂ ಸೇರಿದರೂ ನೂರಕ್ಕೆ ಮುಟ್ಟಲ್ಲ ಅನ್ನುವುದು ನನಗೆ ಹೊಳೆದಾಗ ನಾನೇ ಹೋಗಿ ಐನೂರ ಹದಿಮೂರನ್ನು ಅಳಿಸಿದೆ. ಯಾರೂ ಅಳಿಸು ಅನ್ನಲಿಲ್ಲ. ಮೂವತ್ತೂ ಇಪ್ಪತ್ತೂ ಐವತ್ತು, ಅದರ ಮೇಲೆ ಹದಿಮೂರು, ಅರವತ್ಮೂರು. ಅದು ತಲೆಯೊಳಗೆ ತಾನಾಗಿ ಬಂದು ಕೂತಾಗ ಆದ ಸಂತೋಷ ಇದೆಯಲ್ಲ, ನಾನು ಟೀಚರ್ ಆಗಬೇಕು ಅಂದುಕೊಂಡಿದ್ದು ಅದಕ್ಕೇ.

ಆ ವರ್ಷದ ಕೊನೆಗೆ ಮೇಲಿನಿಂದ ಒಬ್ಬ ಸಾರ್ ಇನ್‌ಸ್ಪೆಕ್ಷನ್ನಿಗೆ ಬಂದರು. ಹಿಂದಿನ ದಿನ ದೊಡ್ಡ ಸಾರ್ ಲೆಕ್ಕದಕ್ಕನನ್ನು ಕರೆದು ಹೇಳಿದ್ದು ಬೀರುವಿನ ಈಚೆ ನಮಗೂ ಕೇಳಿಸಿತ್ತು. ಬಂದವರು ಚೆನ್ನಾಗಿದೆ ಅಂದರೆ ಮುಂದಿನ ವರ್ಷವೂ ನೀನೇ, ಇಲ್ಲಾಂದರೆ ನನ್ನ ಕೈಲಿ ಏನೂ ಇಲ್ಲ. ಇನ್‌ಸ್ಪೆಕ್ಷನ್ ದಿನ ಲೆಕ್ಕದಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ನಮ್ಮ ಹಣೆಗೆ ಬಿದ್ದ ಕೂದಲನ್ನೆಲ್ಲ ತಾವೇ ಸರಿಮಾಡಿ ಕೂರಿಸಿದರು.

ಬಂದವರು ದೂರದೂರಿನವರು, ಕನ್ನಡ ಬಾರದು. ಮುಂದೆ ಕೂತಿದ್ದ ಹುಡುಗನೊಬ್ಬನನ್ನು ಎಬ್ಬಿಸಿ, "ವಂದಲೋಂಚಿ ಇರವೈ ಎನಿಮಿದಿ ತೀಸೇಸ್ತೆ ಎಂತ?" ಅಂತ ಕೇಳಿದರು. ನೂರರಲ್ಲಿ ಇಪ್ಪತ್ತೆಂಟು ಕಳೆದರೆ ಎಷ್ಟು. ಅವನಿಗೆ ತೆಲುಗು ಬರುತ್ತಿತ್ತು, ನಮ್ಮಲ್ಲಿ ಯಾರಿಗೆ ಬರಲ್ಲ? ಆದರೆ ಹೆದರಿಕೆಗೆ ಕಿವಿ ಮನೆ ಮಾತಿಗೆ ತಿರುಗಿಬಿಟ್ಟಿತೋ ಏನೋ... ಅವನಿಗೆ ಕೇಳಿಸಿದ್ದು ವಂದು. ಒಂದರಲ್ಲಿ ಇಪ್ಪತ್ತೆಂಟು. ಎದೆ ಸೆಟೆಸಿ, "ಆಗಕಿಲ್ಲ ಸಾ" ಅಂದ.

ಬಂದ ಸಾರ್ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಹಿಂದಿನಿಂದ ಕೈಗಳು ಎದ್ದವು. ನಾವು ದಿನಾ ಮಾಡುವುದನ್ನೇ ಮಾಡಿದೆವು. ಕತ್ತರಿ. ಅವನು ತಿರುಗಿ ನಮಗೆ ಅಂಗೈ ಅಲ್ಲಾಡಿಸಿದ, ಯಾಕೆ? ಪರಿಗಿಯ ಹುಡುಗಿ ಒಂದು ಬೆರಳು ತೋರಿಸಿ ಅದರ ಮೇಲೆ ಕತ್ತರಿ ಆಡಿಸಿದಳು, ಒಂದಲ್ಲ ಅಂತ. ಆಮೇಲೆ ಹತ್ತೂ ಬೆರಳು ಬಿಚ್ಚಿ, ಮುಚ್ಚಿ, ಬಿಚ್ಚಿ, ಹತ್ತು ಹತ್ತಾಗಿ ನೂರರ ಕಡೆ ಹೊರಟಳು. ಅವಳು ಅರ್ಧ ದಾರಿ ಮುಟ್ಟುವ ಮೊದಲೇ ಅವನ ಮುಖ ಅರಳಿತು. "ಓ, ವಂದ ಅಂದ್ರಾ!" ಅಂದವನೇ ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಎಪ್ಪತ್ತೆರಡು ಸಾ" ಅಂದ. ನಾವೆಲ್ಲ ಗಂಟು ಹಾಕಿ ಕೈ ಎತ್ತಿದೆವು. ಗೆದ್ದೆವು ಅಂದುಕೊಂಡೆವು, ದಡ್ಡ ಮುಂಡೇವು.

ಬಂದ ಸಾರ್ ಕಂಡದ್ದೇ ಬೇರೆ. ಒಬ್ಬನನ್ನು ಪ್ರಶ್ನೆ ಕೇಳಿದರೆ ಹಿಂದಿದ್ದವರು ಸನ್ನೆಯಲ್ಲಿ ಉತ್ತರ ದಾಟಿಸಿದರು. "ಏಮಿಟಿದಿ? ಕಾಪೀನಾ? ಎವರು ನೇರ್ಪಿಂಚಾರು?" ಅಂತ ಗದರಿದರು. ಕಾಪಿ ಹೊಡೆಯೋದನ್ನು ಯಾರು ಕಲಿಸಿದ್ದು? ದೊಡ್ಡ ಸಾರ್ ಮುಖ ಕಪ್ಪಿಟ್ಟಿತು. ಆದರೂ ಆ ಮನುಷ್ಯ ಕೆಟ್ಟವರಲ್ಲ ಅಂತ ಈಗ ಅನಿಸುತ್ತೆ. ಲೆಕ್ಕದಕ್ಕ ತಪ್ಪಿಸಿಕೊಳ್ಳೋಕೆ ಒಂದು ಸಂದಿ ಬಿಟ್ಟುಕೊಟ್ಟರು. ಮಕ್ಕಳು ತುಂಟರು ಸಾರ್, ಮೇಡಂ ಈಗಲೇ ಎಲ್ಲರ ಕೈಗೂ ಬಾರಿಸ್ತಾರೆ ಅಂದು ತಮ್ಮ ಬೆತ್ತವನ್ನೇ ಲೆಕ್ಕದಕ್ಕನ ಮುಂದೆ ಹಿಡಿದರು.

ತೆಗೆದುಕೊಂಡು ಎರಡೆರಡು ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೆಲಸ ಉಳಿಯುತ್ತಿತ್ತು. ನಾವೇನು ಪೆಟ್ಟು ಕಾಣದ ಮಕ್ಕಳಲ್ಲ, ಸಂಜೆಗೆ ಮರೆತುಬಿಡುತ್ತಿದ್ದೆವು. ನಾನಂತೂ ಆಗಲೇ ಕೈ ಚಾಚಿದ್ದೆ. ಹೊಡೀರಿ ಅಕ್ಕಾ, ಹೊಡೆದುಬಿಡಿ ಅಂತ ಒಳಗೇ ಬೇಡಿಕೊಳ್ಳುತ್ತಿದ್ದೆ. ಲೆಕ್ಕದಕ್ಕ ಬೆತ್ತ ಮುಟ್ಟಲಿಲ್ಲ. "ಅದಿ ಕಾಪೀ ಕಾದು ಸಾರ್" ಅಂದರು. "ಪಿಲ್ಲಲು ಮಾಟ್ಲಾಡುಕುಂಟುನ್ನಾರು." ಕಾಪಿ ಅಲ್ಲ ಸಾರ್, ಮಕ್ಕಳು ಮಾತಾಡ್ಕೊಂತಿದಾವೆ.

ದೊಡ್ಡ ಸಾರ್ ಬೆತ್ತ ಕೆಳಗಿಳಿಸಿದರು. ಮಾತಾಡಕೂಡದು ಅಂತ ತಾನೇ ನಾನು ನಿನಗೆ ಹೇಳಿದ್ದು ಅಂತ ಮೆಲ್ಲಗೆ ಕೇಳಿದರು. ಕಾಪಿ ಅಂದರೂ ತಪ್ಪು, ಮಾತು ಅಂದರೂ ತಪ್ಪು. ಯಾವ ಕಡೆಗೂ ಕಾಲಿಡೋ ಹಾಗಿರಲಿಲ್ಲ.

ಜೂನಿನಲ್ಲಿ ಸ್ಕೂಲು ತೆರೆದಾಗ ಬೇರೊಬ್ಬ ಮೇಡಂ ಬಂದಿದ್ದರು. ಬೆಳಗ್ಗೆಯಿಂದ ಮಗ್ಗಿ. ನಮ್ಮ ಗಂಟಲು ಬೀದಿಗೆಲ್ಲ ಕೇಳಿಸುತ್ತಿತ್ತು, ದೊಡ್ಡ ಸಾರ್ ಒಂದು ದಿನವೂ ಬೀರು ಬಡಿಯಲಿಲ್ಲ.

ಸಂಜೆ ಆ ಮನೆಯ ಮುಂದೆ ಹಾದೇ ಬರಬೇಕು. ಶೆಡ್ಡಿಗೊಂದು ಕಂಬಿ ಕಿಟಕಿ. ಒಳಗೆ ಲೆಕ್ಕದಕ್ಕ ಕಂಡಿಕೆ ಸುತ್ತುತ್ತಾ ಕೂತಿರುತ್ತಿದ್ದರು. ಕಂಬಿ ಹಿಡಿದು ನಿಂತರೆ ತಲೆ ಎತ್ತಿ, ಇವತ್ತೇನು ಲೆಕ್ಕ ಅಂತ ಕೈಯಲ್ಲೇ ಕೇಳುತ್ತಿದ್ದರು. ಅತ್ತೆ ನೋಡಿದರೆ "ಓಗ್ರಲೇ ಮನೀಗೆ, ಎಳೆ ಕಡೀತೈತೆ" ಅಂತ ನಮ್ಮನ್ನು ಅಟ್ಟುತ್ತಿದ್ದಳು. ಬರಬರುತ್ತಾ ನಾವು ನಿಲ್ಲುವುದು ಕಡಿಮೆಯಾಯಿತು... ಅವರು ತಲೆ ಎತ್ತುವುದೂ.

ನಾನೂ ಟೀಚರಾದೆ. ಆದೆ ಅಂತ ಹೇಳಿಕೊಳ್ಳಬೇಕಷ್ಟೇ. ಸರ್ಕಾರಿ ಕೆಲಸ ಸಿಗಲಿಲ್ಲ. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದು ಒಂದು ಪ್ರೈವೇಟ್ ಸ್ಕೂಲಿನಲ್ಲಿ ಮೂರನೇ ಕ್ಲಾಸಿಗೆ ಮ್ಯಾಥ್ಸ್ ಹೇಳುತ್ತಿದ್ದೇನೆ. ಸೇರುವ ದಿನವೇ ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ಇಸಕೊಂಡು ಆಫೀಸಿನಲ್ಲಿ ಬೀಗ ಹಾಕಿಟ್ಟುಕೊಂಡರು. ಬೇರೆ ಕಡೆ ಹೋಗುತ್ತೀನಿ ಅನ್ನೋ ಹಾಗಿಲ್ಲ. ಪಾಠವನ್ನು ನಿಮಿಷಕ್ಕಿಷ್ಟು ಅಂತ ಛಾಪಿಸಿ ಕೊಟ್ಟಿರುತ್ತಾರೆ. ಬೋರ್ಡಿನ ಮೇಲೊಂದು ಕ್ಯಾಮೆರಾ. ಒಂದು ಮಗು ಪಕ್ಕದ ಮಗುವಿನ ಕಡೆ ತಿರುಗಿದರೆ ಸಾಕು, ಆಫೀಸಿನಿಂದ ಫೋನು, "ಮೇಡಂ, ಥರ್ಡ್ ಬೆಂಚ್." ಕುಂದುರ್ಪಿ ಕಡೆಯಿಂದ ವ್ಯಾನಿನಲ್ಲಿ ಬರುವ ಮಕ್ಕಳಿವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕ್ಲಾಸಿನಲ್ಲಿ ಇಂಗ್ಲಿಷು. ಮೂರು ಭಾಷೆ ಇಟ್ಟುಕೊಂಡು ಬಾಯಿ ಬಿಡದೆ ಕೂರುತ್ತವೆ.

ಸನ್ನೆ ಕಲಿಸಬಹುದಿತ್ತಲ್ಲ ಅಂತೀರೇನೋ. ಕಲಿಸಿದೆ, ಒಂದೇ ಒಂದು ದಿನ. ನಮ್ಮ ದೊಡ್ಡ ಸಾರ್‌ಗೆ ಕಿವಿ ಮಾತ್ರ ಇತ್ತು, ಇಲ್ಲಿ ಕಣ್ಣಿದೆ. ಮಧ್ಯಾಹ್ನದೊಳಗೆ ಆಫೀಸಿಗೆ ಕರೆಸಿದರು. ಮಕ್ಕಳು ಕೋತಿ ಚೇಷ್ಟೆ ಮಾಡ್ತಿವೆ, ಪೇರೆಂಟ್ಸ್ ನೋಡಿದರೆ ಏನಂದುಕೊಳ್ತಾರೆ ಅಂದರು. ಮತ್ತೆ ಆ ತಂಟೆಗೆ ಹೋಗಿಲ್ಲ.

ಹೋದ ವರ್ಷ ದಸರಾ ರಜೆಗೆ ತವರಿಗೆ ಹೋದಾಗ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅತ್ತೆ ತೀರಿಕೊಂಡಿದ್ದರು. ಕರೆಂಟು ಹೋಗಿ ಮಗ್ಗಗಳೆಲ್ಲ ಸುಮ್ಮನೆ ನಿಂತಿದ್ದವು. ಲೆಕ್ಕದಕ್ಕ ಅದೇ ಮೂಲೆಯಲ್ಲಿದ್ದರು. "ಯಾರಮ್ಮಾ?" ಅಂತ ಅತ್ತೆಯ ಥರವೇ ಕೂಗಿದರು. ಹೆಸರು ಹೇಳಿದರೆ ಕೇಳಿಸಲಿಲ್ಲ. ಹತ್ತಿರ ಬಂದು ಮುಖ ನೋಡಿ, "ಅಯ್ಯೋ, ಐನೂರ ಹದಿಮೂರು!" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ ನನಗೆ. ಟೀಚರಾಗಿದ್ದೇನೆ ಅಂತ ಕಿವಿಯ ಹತ್ತಿರ ಎರಡು ಸಲ ಕಿರುಚಿದ ಮೇಲೆ ಅರ್ಥವಾಯಿತು. ಅಷ್ಟು ವರ್ಷದ ಶೆಡ್ಡು ಅವರ ಕಿವಿಯನ್ನು ತಿಂದುಹಾಕಿತ್ತು.

ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ನಿನ್ ಕ್ಲಾಸಾಗೆ ಮಕ್ಳು ಜಗಳ ಆಡ್ತಾವೇನಮ್ಮ?"

ಅವರಿಗೆ ಸುಳ್ಳು ಹೇಳಲಾರೆ ಅನಿಸಿತು. "ಆಡಕ್ಕೆ ಬಿಡಲ್ಲ ಅಕ್ಕಾ" ಅಂತ ಕೂಗಿದೆ.

"ಆಡ್ದೆ ಬಿಡಲ್ವಾ!" ಅವರ ಮುಖ ಇಷ್ಟಗಲ ಆಯಿತು. "ಅಂಗಿರ್ಬೇಕು ಕಣಮ್ಮ, ಅಂಗಿರ್ಬೇಕು. ಆಡ್ಲಿ ಬಿಡು, ಚೆನ್ನಾಗಿ ಆಡ್ಲಿ." ಕಣ್ಣಲ್ಲಿ ನೀರು ಬಂದಿತ್ತು. ಹಾಗಲ್ಲ ಅಕ್ಕಾ ಅಂತ ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ನನ್ನ ಮಾತು ನನಗೇ ಕೇಳಿಸಲಿಲ್ಲ. ಕೈಯಲ್ಲಾದರೂ ಹೇಳಬಹುದಿತ್ತು, ಎರಡೂ ಕೈ ಅವರ ಹಿಡಿತದಲ್ಲಿದ್ದವು. ಬಿಡಿಸಿಕೊಳ್ಳೋಕೆ ಮನಸ್ಸು ಬರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅಮ್ಮನ ಫೋನು ಬಂತು. "ನಿಮ್ ಲೆಕ್ಕದಕ್ಕ ಹೋಗ್ಬುಟ್ರು ಕಣೆ." ಜ್ವರ ಅಂತ ಮಲಗಿದವರು ಏಳಲಿಲ್ಲವಂತೆ. ಒಂದು ದಿನ ರಜೆ ಕೇಳಿದೆ, ಪರೀಕ್ಷೆ ಇದೆ ಅಂತ ಕೊಡಲಿಲ್ಲ. ಆ ದಿನ ಮೂರನೇ ಕ್ಲಾಸಿನಲ್ಲಿ ಕಳೆಯುವ ಲೆಕ್ಕ ಹೇಳಿಕೊಟ್ಟೆ. ಮಕ್ಕಳು ಕೈ ಕಟ್ಟಿಕೊಂಡು ಕೂತಿದ್ದವು. ಒಂದೂ ಯಾಕೆ ಅಂತ ಕೇಳಲಿಲ್ಲ. ಅವರು ಹಂಬಲಿಸಿ ಕಳೆದುಕೊಂಡ ಕೆಲಸ ನನ್ನ ಕೈಲಿದೆ, ನಾನು ಮಾಡುತ್ತಿರುವುದು ಇದು...

ಎಲ್ಲೋ ಒಂದು ಕ್ಲಾಸಿನಲ್ಲಿ ಮಕ್ಕಳು ಜಗಳ ಆಡದೆ ಬಿಡುವುದಿಲ್ಲ ಅಂತ ನಂಬಿಕೊಂಡೇ ಅವರು ಹೋದರು. ಅದು ನನ್ನ ಕ್ಲಾಸು ಅಂತ.